ಹೆಬ್ಬಾವು ನುಂಗಿದ ಪೈಸೆ

ನಾನು ಖಜಾಂಚಿಯಾದದ್ದು ಯಾರನ್ನೂ ಸೋಲಿಸಿ ಅಲ್ಲ. 2023ರ ಡಿಸೆಂಬರಿನ ಒಂದು ಭಾನುವಾರ ಕೆ.ಆರ್. ಪುರದ ನಮ್ಮ ಇಪ್ಪತ್ತು ಮನೆಗಳ ಅಪಾರ್ಟ್‌ಮೆಂಟಿನ ವಾರ್ಷಿಕ ಸಭೆ ಟೆರೇಸಿನ ಮೇಲೆ ನಡೆಯುತ್ತಿತ್ತು. ವಾಚ್‌ಮನ್ ಊರಿಗೆ ಹೋಗಿದ್ದ. ಹಾಗಾಗಿ ನಾನು ಕೆಳಗೆ ಟ್ಯಾಂಕರಿನ ಪೈಪನ್ನು ಸಂಪಿನ ಬಾಯಿಗೆ ಹಿಡಿದು ನಿಂತಿದ್ದೆ. ಪೈಪು ಒಮ್ಮೆ ಹೆಡೆಯೆತ್ತಿ ನನ್ನನ್ನು ಕತ್ತಿನವರೆಗೂ ತೋಯಿಸಿತು. ಪಂಚೆ ಹಿಂಡಿಕೊಳ್ಳುತ್ತ ಮೇಲೆ ಹತ್ತಿದರೆ ಎಲ್ಲರೂ ನನ್ನತ್ತ ತಿರುಗಿ ಚಪ್ಪಾಳೆ ತಟ್ಟಿದರು.

"ಸರ್ವಾನುಮತದ ಆಯ್ಕೆ ಸಾರ್," ಅಂದರು ಮೂರನೇ ಮಹಡಿಯ ನಿವೃತ್ತ ಆಡಿಟರ್ ಸಾಹೇಬರು. "ನೀರಿನ ವಿಚಾರದಲ್ಲಿ ನಿಮ್ಮಷ್ಟು ಮುಳುಗಿರೋರು ಇನ್ಯಾರಿದ್ದಾರೆ?"

ಕೆಲಸ ಇಷ್ಟೇ: ತಿಂಗಳಿಗೆ ಬಂದ ಟ್ಯಾಂಕರುಗಳ ಖರ್ಚನ್ನು ಕಟ್ಟಡದ ಎಂಬತ್ತು ತಲೆಗಳಿಂದ ಭಾಗಿಸಿ, ಯಾವ ಮನೆಯಲ್ಲಿ ಎಷ್ಟು ತಲೆಯೋ ಅಷ್ಟರಿಂದ ಗುಣಿಸಿ, ನೋಟಿಸ್ ಬೋರ್ಡಿಗೆ ಹಚ್ಚುವುದು. ಹಿಂದಿನ ಖಜಾಂಚಿ ಇದನ್ನು ಬ್ಯಾಂಕಿನವರು ಪುಕ್ಕಟೆ ಕೊಟ್ಟ ಡೈರಿಯಲ್ಲಿ ಪೆನ್ಸಿಲ್ಲಿನಿಂದ ಮಾಡುತ್ತಿದ್ದರು. ಮಗ "ಅಪ್ಪಾ, ಎಕ್ಸೆಲ್ ಸಾಕು" ಅಂದ. ಅವನ ಮಾತು ಕೇಳಿದ್ದರೆ ಈ ಲೇಖನ ಇರುತ್ತಿರಲಿಲ್ಲ, ನನ್ನ ಮರ್ಯಾದೆ ಇರುತ್ತಿತ್ತು.

ಆದರೆ ಕೆ.ಆರ್. ಪುರದಲ್ಲಿ ಬದುಕುವವನ ಸಂಕಟ ಬೇರೆಯವರಿಗೆ ತಿಳಿಯದು. ತೂಗುಸೇತುವೆಯ ಪಕ್ಕದಲ್ಲಿ ಮೆಟ್ರೊ ಹತ್ತಿದರೆ ಕೊರಳಲ್ಲಿ ಟ್ಯಾಗ್ ನೇತಾಡದವನು ನಾನೊಬ್ಬನೇ. ಎದುರು ಕೂತ ಹುಡುಗ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಏನೋ ಬರೆಯುತ್ತಿರುತ್ತಾನೆ. ನಿಂತಿರುವ ಹುಡುಗಿ ಫೋನಿನಲ್ಲಿ ಅದರ ತಪ್ಪು ಹುಡುಕುತ್ತಿರುತ್ತಾಳೆ. ಇಂಥ ಊರಿನಲ್ಲಿ ಪೆನ್ಸಿಲ್ ಹಿಡಿದು ಭಾಗಾಕಾರ ಮಾಡುವುದೇ? ನಾನೂ ಪ್ರೋಗ್ರಾಂ ಬರೆಯುತ್ತೇನೆ ಎಂದು ಘೋಷಿಸಿದೆ. ನಮ್ಮನೆಯವಳು "ಮೊದಲು ಪಂಚೆ ಬದಲಾಯಿಸಿ" ಅಂದಳು.

ಲ್ಯಾಪ್‌ಟಾಪಿಗಾಗಿ ಶಿವಾಜಿನಗರಕ್ಕೆ ಹೋದೆ. ಸೆಕೆಂಡ್ ಹ್ಯಾಂಡ್ ಮಾಲು. ಅಂಗಡಿಯವರು ಹೇಳಿದ್ದು ಹದಿನಾಲ್ಕೂವರೆ ಸಾವಿರ. ನಾನು ಮುಕ್ಕಾಲು ಗಂಟೆ ಚೌಕಾಸಿ ಮಾಡಿ, ಎರಡು ಸಲ ಎದ್ದು ಹೋದಂತೆ ನಟಿಸಿ, ಹನ್ನೆರಡು ಸಾವಿರದ ಏಳುನೂರೈವತ್ತಕ್ಕೆ ಇಳಿಸಿದೆ. ದುಡ್ಡು ಎಣಿಸುವಾಗ ಅವರು ಬಹಳ ಆತ್ಮೀಯವಾಗಿ, "ಏನ್ ಸಾರ್, ಏಳುನೂರೈವತ್ತು ಅಂತೆಲ್ಲ. ರೌಂಡ್ ಫಿಗರ್ ಮಾಡಿಬಿಡಿ" ಅಂದರು. ಮಾಡಿದೆ. ಹದಿಮೂರು ಸಾವಿರವಾಯಿತು. ವಾಪಸ್ ಬರುವಾಗ ಆಟೊ ಮೀಟರು 126 ತೋರಿಸಿತು. ಡ್ರೈವರು "ಚಿಲ್ಲರೆ ಇಲ್ಲ ಸಾರ್, ರೌಂಡ್ ಮಾಡಿ" ಅಂದ. ಅದು 150 ಆಯಿತು.

ಕಂಟೋನ್ಮೆಂಟಿನ ಈ ಸೀಮೆಯಲ್ಲಿ ದಶಮಾಂಶಕ್ಕೆ ಹೇಗೂ ಜಾಗವಿಲ್ಲ. ರಸೆಲ್ ಮಾರ್ಕೆಟ್ಟಿನಲ್ಲಿ ಉಳಿದ ಮೂರು ರೂಪಾಯಿ ಕೊತ್ತಂಬರಿ ಕಟ್ಟಾಗಿ ಚೀಲಕ್ಕೆ ಬೀಳುತ್ತದೆ. ಮೆಡಿಕಲ್ ಶಾಪಿನಲ್ಲಿ ಅದೇ ಮೂರು ರೂಪಾಯಿ ಚಾಕೊಲೇಟ್ ಆಗುತ್ತದೆ, ಸಕ್ಕರೆ ಕಾಯಿಲೆಯ ಮಾತ್ರೆಯ ಜೊತೆಗೇ. ಅರುವತ್ತು ವರ್ಷ ಹೀಗೆ ರೌಂಡಾಗುತ್ತಲೇ ಬಂದವನಿಗೆ ದಶಮಾಂಶ ಸಂಖ್ಯೆಯನ್ನು ಪೂರ್ಣಾಂಕ ಮಾಡುವುದು ಒಂದು ವಿದ್ಯೆ ಎಂದು ಅನ್ನಿಸಿರಲೇ ಇಲ್ಲ.

ಪಾಠಕ್ಕೆ ಸೇರಿದ್ದು ಇಂದಿರಾನಗರದಲ್ಲಿ, ಶನಿವಾರದ ಬ್ಯಾಚು. ಹನ್ನೊಂದು ಹುಡುಗ ಹುಡುಗಿಯರು ಮತ್ತು ನಾನು. ಪಾಠ ಮಾಡುವವರು ನನ್ನ ಮಗಳಿಗಿಂತ ಎರಡು ವರ್ಷ ಚಿಕ್ಕವರು. ನಾನು ಅವರನ್ನು ಮೇಡಂ ಅನ್ನುತ್ತಿದ್ದೆ, ಅವರು ನನ್ನನ್ನು ಅಂಕಲ್ ಅನ್ನುತ್ತಿದ್ದರು. ಮೊದಲ ದಿನವೇ ಬುದ್ಧಿವಂತಿಕೆ ತೋರಿಸಲು ಹೋಗಿ, "ಪೈಥಾನ್ ಅಂದರೆ ಹೆಬ್ಬಾವು, ಅಲ್ಲವೇ ಮೇಡಂ?" ಅಂದೆ.

"ಹಾವಿನಿಂದ ಬಂದ ಹೆಸರಲ್ಲ ಅಂಕಲ್. ಇದನ್ನು ಮಾಡಿದ ಗೀಡೊ ವಾನ್ ರೋಸಮ್‌ಗೆ ಮಾಂಟಿ ಪೈಥಾನ್ ಅನ್ನೋ ಇಂಗ್ಲೆಂಡಿನ ಹಾಸ್ಯ ತಂಡ ಇಷ್ಟ. ಅದರ ಹೆಸರಿಟ್ಟರು."

ಹಾಸ್ಯಕ್ಕೂ ಈ ಭಾಷೆಗೂ ಇರುವ ನಂಟು ಮುಂದಿನ ನಾಲ್ಕು ತಿಂಗಳಲ್ಲಿ ನನಗೆ ಚೆನ್ನಾಗಿ ಗೊತ್ತಾಯಿತು. ಹಾಸ್ಯಕ್ಕೆ ವಸ್ತು ನಾನು.

ಜನವರಿಯ ಕೊನೆಯ ರಾತ್ರಿ ಪ್ರೋಗ್ರಾಂ ಸಿದ್ಧವಾಯಿತು. ಒಟ್ಟು ಖರ್ಚು ಎಷ್ಟು ಎಂದು ಅದು ಕೇಳಿತು. 13050.00 ಎಂದು ಕೊಟ್ಟೆ, ಗುಮಾಸ್ತನಾಗಿದ್ದವನಿಗೆ ಸೊನ್ನೆ ಸೊನ್ನೆ ಹಾಕದೆ ನಿದ್ದೆ ಬಾರದು. ತೆರೆಯ ಮೇಲೆ ಕೆಂಪಗೆ ಏನೋ ಕಾರಿಕೊಂಡು ಪ್ರೋಗ್ರಾಂ ಸತ್ತುಬಿತ್ತು.

"ಏನಂತೆ?" ಅಂದಳು ಇವಳು.

"ನಾನು ಬರೆದದ್ದು ಅಕ್ಷರವಂತೆ, ಅಂಕಿಯಲ್ಲವಂತೆ."

"ಮೂವತ್ತೈದು ವರ್ಷ ಲೆಕ್ಕ ಬರೆದು ಇನ್ನೂ ಅಂಕಿ ಬರೆಯೋಕೆ ಬರಲ್ವೇನ್ರಿ?"

ವಿಷಯ ಏನೆಂದರೆ, ಕೀಲಿಮಣೆಯಿಂದ ಬಂದದ್ದೆಲ್ಲ ಪೈಥಾನಿಗೆ ಬರೀ ಅಕ್ಷರ. ಅದನ್ನು ಪೂರ್ಣಾಂಕ ಮಾಡಲು 'ಇಂಟ್' ಎಂಬ ಆಜ್ಞೆ ಇದೆ. ಆದರೆ ಅಕ್ಷರದ ನಡುವೆ ಒಂದು ಚುಕ್ಕೆ ಕಂಡರೂ ಇಂಟ್ ಮುಖ ತಿರುಗಿಸುತ್ತದೆ. ಮೊದಲು 'ಫ್ಲೋಟ್' ಮಾಡಿ ದಶಮಾಂಶವಾಗಿಸಬೇಕು, ಆಮೇಲೆ ಇಂಟ್ ಮಾಡಿ ಚುಕ್ಕೆಯ ಬಾಲ ಕತ್ತರಿಸಬೇಕು. ಮೊದಲು ತೇಲಿಸು, ಆಮೇಲೆ ಮುಳುಗಿಸು ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಮುಳುಗುವವನು ಯಾರು ಎಂದು ಬರೆದುಕೊಳ್ಳಲಿಲ್ಲ.

ಆ ತಿಂಗಳು ಒಂಬತ್ತು ಟ್ಯಾಂಕರು, ತಲಾ 1,450. ಒಟ್ಟು 13,050. ಎಂಬತ್ತರಿಂದ ಭಾಗಿಸಿದರೆ ತಲೆಗೆ 163.125. ಇಂಟ್ ಎಂಬ ಕತ್ತಿ ಬೀಸಿದೆ, 163 ಉಳಿಯಿತು. ಎಷ್ಟು ಚೊಕ್ಕಟ! ನೋಟಿಸ್ ಬೋರ್ಡಿಗೆ ಹಚ್ಚಿದೆ, ಎಲ್ಲರೂ ಕೊಟ್ಟರು. 163ನ್ನು ಎಂಬತ್ತರಿಂದ ಗುಣಿಸಿದರೆ 13,040 ಎಂಬುದು ನನಗೆ ಹೊಳೆದದ್ದು ಟ್ಯಾಂಕರಿನವನು ಗೇಟಿನಲ್ಲಿ ನಿಂತು "ಹತ್ತು ಕಮ್ಮಿ ಐತೆ ಸಾರ್" ಅಂದಾಗ. ಜೇಬಿನಿಂದ ಕೊಟ್ಟೆ. ಸಮಾಜಸೇವೆ ಅಂದರೆ ಇದೇ ಇರಬೇಕು ಎಂದುಕೊಂಡೆ.

ಮುಂದಿನ ಶನಿವಾರ ಮೇಡಂ ಒಂದು ಕತೆ ಹೇಳಿ ಸಮಾಧಾನ ಮಾಡಿದರು. ಕೆನಡಾದ ವ್ಯಾಂಕೂವರ್ ಷೇರುಪೇಟೆ 1982ರಲ್ಲಿ ತನ್ನ ಸೂಚ್ಯಂಕವನ್ನು 1,000ದಿಂದ ಶುರುಮಾಡಿತಂತೆ. ಪ್ರತಿ ವ್ಯವಹಾರಕ್ಕೂ ಹೊಸ ಸೂಚ್ಯಂಕ ಲೆಕ್ಕ ಹಾಕುವುದು, ದಶಮಾಂಶದ ಮೂರು ಸ್ಥಾನ ಇಟ್ಟುಕೊಂಡು ಉಳಿದದ್ದನ್ನು ಕತ್ತರಿಸಿ ಬಿಸಾಡುವುದು. ದಿನಕ್ಕೆ ಸಾವಿರಾರು ಸಲ ಹೀಗೆ ಕತ್ತರಿಸಿ ಕತ್ತರಿಸಿ 1983ರ ನವೆಂಬರಿಗೆ ಸೂಚ್ಯಂಕ 524ಕ್ಕೆ ಇಳಿದಿತ್ತು. ಸರಿಯಾಗಿ ಲೆಕ್ಕ ಮಾಡಿದಾಗ ಬಂದದ್ದು 1,098. ಪೇಟೆ ಮೇಲೇರುತ್ತಿತ್ತು, ಅಂಕಿ ಮಾತ್ರ ಕೆಳಗಿಳಿಯುತ್ತಿತ್ತು. ನನ್ನ ಹತ್ತು ರೂಪಾಯಿ ಅದರ ಮುಂದೆ ಏನೂ ಅಲ್ಲವೆನಿಸಿ ಎದೆ ಹಗುರವಾಯಿತು.

"ಹಾಗಾದರೆ ಕತ್ತರಿಸೋದು ಬೇಡ ಮೇಡಂ. ಮೇಲಕ್ಕೆ ಎತ್ತೋದು ಯಾವುದು?"

"ಸೀಲ್ ಅಂತ ಇದೆ ಅಂಕಲ್. ಸೀಲಿಂಗ್. ಯಾವಾಗಲೂ ಮೇಲಿನ ಪೂರ್ಣಾಂಕಕ್ಕೆ ಹೋಗುತ್ತೆ."

ನನಗೆ ಶಿವಾಜಿನಗರದ ಆಟೊ ನೆನಪಾಯಿತು. ಫೆಬ್ರುವರಿಯಲ್ಲಿ ನೀರಿನ ಬರ ಜೋರಾಗಿ ಟ್ಯಾಂಕರು 1,650ಕ್ಕೆ ಏರಿತ್ತು. ಹತ್ತು ಟ್ಯಾಂಕರು, 16,500. ತಲೆಗೆ 206.25. ಸೀಲ್ ಮಾಡಿದೆ, 207. ಸಂಗ್ರಹವಾದದ್ದು 16,560. ಈ ಸಲ ಅರುವತ್ತು ರೂಪಾಯಿ ಹೆಚ್ಚು. ಕಮ್ಮಿ ಬಿದ್ದಾಗ ಯಾರೂ ಕೇಳಿರಲಿಲ್ಲ, ಹೆಚ್ಚು ಬಂದಾಗ ಇಡೀ ಕಟ್ಟಡ ಎದ್ದು ಕೂತಿತು. ರಾತ್ರಿ ಹತ್ತಕ್ಕೆ ವಾಟ್ಸಾಪ್ ಗುಂಪಿನಲ್ಲಿ ಆಡಿಟರ್ ಸಾಹೇಬರು ಬರೆದರು: "ಹೆಚ್ಚುವರಿ ರೂ. 60 ಯಾವ ಖಾತೆಗೆ ಹೋಗಿದೆ ಎಂದು ಖಜಾಂಚಿಗಳು ತಿಳಿಸಬೇಕಾಗಿ ವಿನಂತಿ." ಕೆಳಗೆ ಏಳು ಜನ ಕೈಮುಗಿದ ಚಿತ್ರ ಹಾಕಿದರು, ಒಬ್ಬರು ಕೊಳೆತ ಟೊಮೆಟೊ ಹಾಕಿದರು. ಆಮೇಲೆ "ತಪ್ಪಿ ಬಿತ್ತು, ಕ್ಷಮಿಸಿ" ಅಂದರು, ಆದರೆ ಅಳಿಸಲಿಲ್ಲ.

ತುರ್ತು ಸಭೆಯಲ್ಲಿ ನಾನು ಎದ್ದು ನಿಂತು ಲೋಕಾನುಭವ ಹೇಳಿದೆ. 1996ರ ಜೂನ್ 4ರಂದು ಯುರೋಪಿನವರ ಏರಿಯಾನ್ 5 ರಾಕೆಟ್ಟು ಹಾರಿದ ನಲವತ್ತು ಸೆಕೆಂಡಿನೊಳಗೇ ಚೂರುಚೂರಾದದ್ದು ಇಂಥದೇ ತಪ್ಪಿನಿಂದ. ಒಂದು ದೊಡ್ಡ ದಶಮಾಂಶ ಸಂಖ್ಯೆಯನ್ನು 16 ಬಿಟ್‌ಗಳ ಪೂರ್ಣಾಂಕದಲ್ಲಿ ತುರುಕಲು ಹೋದರು. ಆ ಡಬ್ಬಿಯಲ್ಲಿ 32,767ಕ್ಕಿಂತ ಹೆಚ್ಚು ಹಿಡಿಸುವುದಿಲ್ಲ. ಸಂಖ್ಯೆ ಉಕ್ಕಿತು, ರಾಕೆಟ್ಟು ದಿಕ್ಕೆಟ್ಟಿತು. ಅಂಥ ವಿಜ್ಞಾನಿಗಳೇ ಎಡವಿರುವಾಗ...

"ಅವರದು ರಾಕೆಟ್ಟು," ಅಂದಳು ನಮ್ಮನೆಯವಳು, ಎಲ್ಲರ ಎದುರಿಗೆ. "ನಮ್ಮದು ಸಂಪು."

ಮಾರ್ಚ್ ತಿಂಗಳ ಲೆಕ್ಕವನ್ನು ಆಡಿಟರ್ ಸಾಹೇಬರು ಪೆನ್ಸಿಲ್ಲಿನಲ್ಲಿ ಮಾಡಿದರು. ನಾನು ಅಮಾನತಿನಲ್ಲಿದ್ದೆ.

ಆ ಬಿಡುವಿನಲ್ಲಿ ಚೆನ್ನಾಗಿ ಓದಿದೆ. ಎಲ್ಲವೂ ತಲೆಗೆ ಹತ್ತಿದ್ದು ನಮ್ಮ ಲಿಫ್ಟಿನಲ್ಲಿ. ನೆಲಮಹಡಿ ಸೊನ್ನೆ, ಮೇಲೆ ಐದು ಮಹಡಿ, ಕೆಳಗೆ ಗಾಡಿ ನಿಲ್ಲಿಸುವ ಬೇಸ್‌ಮೆಂಟು ಅಂದರೆ ಮೈನಸ್ ಒಂದು. ಲಿಫ್ಟು ಎರಡು ಮತ್ತು ಮೂರರ ನಡುವೆ, 2.7ರಲ್ಲಿ ನಿಂತಿದೆ ಅನ್ನಿ. 'ಫ್ಲೋರ್' ಯಾವಾಗಲೂ ಕೆಳಗಿಳಿಸುತ್ತದೆ, 'ಸೀಲ್' ಯಾವಾಗಲೂ ಮೇಲೇರಿಸುತ್ತದೆ. 'ಇಂಟ್' ಮಾತ್ರ ಎಲ್ಲಿದ್ದರೂ ನೆಲಮಹಡಿಯ ಕಡೆಗೇ ಎಳೆಯುತ್ತದೆ. 2.7ರಿಂದ ಕೆಳಗೆ ಎರಡಕ್ಕೆ, ಬೇಸ್‌ಮೆಂಟಿನ ದಾರಿಯ ಮೈನಸ್ 0.7ರಿಂದ ಮೇಲೆ ಸೊನ್ನೆಗೆ. ಇಂಟ್ ಒಬ್ಬ ವಾಚ್‌ಮನ್, ಎಲ್ಲರನ್ನೂ ಗೇಟಿನ ಹತ್ತಿರ ತರುವುದೇ ಅವನ ಧ್ಯೇಯ. ಇದರ ಬಿಸಿ ತಾಗಿದ್ದು ಐದನೇ ಮಹಡಿಯ ದಂಪತಿಗೆ. ಅಮೆರಿಕದ ಮಗನ ಮನೆಗೆ ಹೋಗುವ ಮುಂಚೆ ಅವರು ಮುಂಗಡ ಕೊಟ್ಟಿದ್ದರು. ಲೆಕ್ಕದಲ್ಲಿ ಅದು ಮೈನಸ್ 362.75. ಇಂಟ್ ಮಾಡಿದಾಗ ಮೈನಸ್ 362 ಆಯಿತು. ಬಾಕಿ ಇಟ್ಟವರಿಗೆ ಚಿಲ್ಲರೆ ಬಿಟ್ಟ ಅದೇ ಆಜ್ಞೆ ಮುಂಗಡ ಕೊಟ್ಟವರ ಮುಕ್ಕಾಲು ರೂಪಾಯಿ ನುಂಗಿತ್ತು.

ಇನ್ನು 'ರೌಂಡ್'. ಇದು ಹತ್ತಿರದ ಮಹಡಿಗೆ ಹೋಗುತ್ತದೆ. ಕರೆಂಟು ಹೋದಾಗ ಬ್ಯಾಟರಿಯ ಬಲದಿಂದ ನಮ್ಮ ಲಿಫ್ಟೂ ಇದನ್ನೇ ಮಾಡುತ್ತದೆ. ಇದಕ್ಕಿಂತ ನ್ಯಾಯ ಬೇರೆಲ್ಲಿದೆ? ಇಷ್ಟು ಓದಿಕೊಂಡು ಏಪ್ರಿಲಿನಲ್ಲಿ ಮತ್ತೆ ಅಧಿಕಾರ ಬೇಡಿದೆ. ಆಡಿಟರ್ ಸಾಹೇಬರಿಗೆ ಮೊಮ್ಮಗನ ಉಪನಯನ ಇದ್ದುದರಿಂದ ಅಧಿಕಾರ ಸಿಕ್ಕಿತು.

ಅಷ್ಟರಲ್ಲಿ ಜಿಲ್ಲಾಡಳಿತ ಟ್ಯಾಂಕರ್ ದರ ನಿಗದಿ ಮಾಡಿತ್ತು. ಐದು ಕಿಲೋಮೀಟರಿನೊಳಗೆ 12,000 ಲೀಟರಿಗೆ 1,000 ರೂಪಾಯಿ. ನಮಗೆ ಬಂದದ್ದು ಹನ್ನೊಂದು ಟ್ಯಾಂಕರು, 11,000. ತಲೆಗೆ ಸರಿಯಾಗಿ 137.50. ಈ ಸಲ ತಲೆಯ ದರವನ್ನು ಮುಟ್ಟಲಿಲ್ಲ. ಮನೆಯ ಮೊತ್ತ ಬಂದ ಮೇಲಷ್ಟೇ ರೌಂಡ್ ಮಾಡಿದೆ. ನಾಲ್ಕು ಜನರ ಹತ್ತು ಮನೆಗೆ ತಲಾ 550. ಮೂರು ಜನರ ನಾಲ್ಕು ಮನೆ, ಐದು ಜನರ ನಾಲ್ಕು ಮನೆ, ಏಳು ಜನರ ಒಂದು, ಒಬ್ಬನೇ ಇರುವ ಬ್ರಹ್ಮಚಾರಿಯದು ಒಂದು. ಎಲ್ಲವನ್ನೂ ಕೂಡಿಸಿದೆ. 11,000. ಮತ್ತೆ ಕೂಡಿಸಿದೆ. 11,000! ಒಂದು ರೂಪಾಯಿ ಹೆಚ್ಚಿಲ್ಲ, ಒಂದು ರೂಪಾಯಿ ಕಡಿಮೆಯಿಲ್ಲ. ಕಣ್ಣಲ್ಲಿ ನೀರು ಬಂತು, ಟ್ಯಾಂಕರಿಲ್ಲದೆಯೇ.

ಯುದ್ಧ ಶುರುವಾದದ್ದು ಮಾರನೆಯ ಬೆಳಿಗ್ಗೆ. ಎರಡನೇ ಮಹಡಿಯಲ್ಲಿ ಎದುರುಬದುರು ಬಾಗಿಲಿನ ಎರಡು ಮನೆ. ಒಂದರಲ್ಲಿ ಮೂವರು, ಇನ್ನೊಂದರಲ್ಲಿ ಐವರು. ಮೂವರ ಲೆಕ್ಕ 412.50, ಐವರ ಲೆಕ್ಕ 687.50. ಎರಡರ ಬಾಲವೂ ಎಂಟಾಣೆ. ಆದರೆ ನನ್ನ ಪ್ರೋಗ್ರಾಂ ಮೂವರಿಗೆ 412 ಎಂದೂ ಐವರಿಗೆ 688 ಎಂದೂ ಬರೆದಿತ್ತು.

"ಅವರಿಗೆ ಎಂಟಾಣೆ ಬಿಟ್ಟಿದೀರ, ನಮ್ಮ ಹತ್ತಿರ ಎಂಟಾಣೆ ಹೆಚ್ಚು ತಗೊಂಡಿದೀರ. ಯಾಕೆ ಸಾರ್? ಅವರು ನಿಮ್ಮನೆಗೆ ಹಬ್ಬಕ್ಕೆ ಒಬ್ಬಟ್ಟು ಕಳಿಸಿದ್ದು ನಮಗೆ ಗೊತ್ತಿಲ್ಲ ಅಂದ್ಕೊಂಡ್ರಾ?"

ಒಬ್ಬಟ್ಟು ಬಂದದ್ದು ನಿಜ. ಆದರೆ ಒಬ್ಬಟ್ಟಿಗೂ ಪೈಥಾನಿಗೂ ಸಂಬಂಧವಿಲ್ಲವೆಂದು ಸಾಬೀತು ಮಾಡುವುದು ಹೇಗೆ? ಮೇಡಂಗೆ ಫೋನ್ ಮಾಡಿದೆ. ಅವರು ನಕ್ಕರು. 2008ರಲ್ಲಿ ಪೈಥಾನ್ ತನ್ನ ಮೂರನೇ ಅವತಾರ ಎತ್ತಿದಾಗಿನಿಂದ ರೌಂಡ್ ಸರಿಯಾಗಿ ಅರ್ಧದಲ್ಲಿ ನಿಂತ ಸಂಖ್ಯೆಯನ್ನು ಹತ್ತಿರದ ಸಮಸಂಖ್ಯೆಗೆ ಕಳಿಸುತ್ತದಂತೆ. ಎರಡೂವರೆ ಎರಡಾಗುತ್ತದೆ, ಮೂರೂವರೆ ನಾಲ್ಕಾಗುತ್ತದೆ. ಅರ್ಧವನ್ನೆಲ್ಲ ಮೇಲಕ್ಕೇ ಎತ್ತುತ್ತಾ ಹೋದರೆ ಒಟ್ಟು ಮೊತ್ತ ಉಬ್ಬುತ್ತದೆ. ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹೋದರೆ ಒಂದನ್ನೊಂದು ಕಳೆದುಕೊಂಡು ಲೆಕ್ಕ ಸಮವಾಗುತ್ತದೆ. ಬ್ಯಾಂಕರುಗಳ ರೌಂಡಿಂಗ್ ಎಂದೇ ಅದಕ್ಕೆ ಹೆಸರು. ನನ್ನ 11,000 ಅಷ್ಟು ಚೊಕ್ಕಟವಾಗಿ ಕೂಡಿಬಂದದ್ದು ಈ ಗುಟ್ಟಿನಿಂದಲೇ.

ಅಂದರೆ ಲಿಫ್ಟು ಎರಡೂವರೆಯಲ್ಲಿ ನಿಂತರೆ ಎರಡನೇ ಮಹಡಿಗೆ ಹೋಗುತ್ತದೆ, ಮೂರೂವರೆಯಲ್ಲಿ ನಿಂತರೆ ನಾಲ್ಕಕ್ಕೆ. ಮೂರನೇ ಮಹಡಿಯವರು ಎಂದಿಗೂ ಮನೆ ಸೇರುವುದಿಲ್ಲ. ಇದನ್ನು ಹೀಗೆಯೇ ಸಭೆಯಲ್ಲಿ ವಿವರಿಸಿದೆ. ಆಡಿಟರ್ ಸಾಹೇಬರ ಮನೆ ಮೂರನೇ ಮಹಡಿಯಲ್ಲಿದೆ ಎಂಬುದು ಆಗ ನೆನಪಿಗೆ ಬರಲಿಲ್ಲ.

"ಕಾನೂನು ಗೊತ್ತೇನ್ರೀ ನಿಮಗೆ?" ಅಂದರು ಅವರು. "ಜಿಎಸ್‌ಟಿ ಕಾಯ್ದೆಯ 170ನೇ ಕಲಮು. ಐವತ್ತು ಪೈಸೆ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಒಂದು ರೂಪಾಯಿ ಮಾಡಬೇಕು, ಕಡಿಮೆಯಿದ್ದರೆ ಬಿಡಬೇಕು. ಸಮ ಬೆಸ ಅಂತ ಎಲ್ಲಿದೆ? ನಿಮ್ಮ ಹಾವಿಗೆ ಭಾರತದ ಕಾನೂನು ಅನ್ವಯಿಸಲ್ವಾ?"

ಕಾನೂನಿನಂತೆ ಮಾಡಿದೆ. ಬೆಸ ತಲೆಗಳ ಹತ್ತೂ ಮನೆ ಮೇಲೇರಿದವು. ಒಟ್ಟು 11,005. ಹೆಚ್ಚುವರಿ ಐದು ರೂಪಾಯಿ ಯಾವ ಖಾತೆಗೆ ಹೋಯಿತೆಂದು ರಾತ್ರಿ ಹತ್ತಕ್ಕೆ ವಾಟ್ಸಾಪಿನಲ್ಲಿ ಪ್ರಶ್ನೆ ಬಂತು. ಟೊಮೆಟೊ ಮತ್ತೆ ತಪ್ಪಿ ಬಿತ್ತು.

ಮುಂದಿನ ಶನಿವಾರ ಮೇಡಂ ನನ್ನನ್ನು ಪಕ್ಕಕ್ಕೆ ಕರೆದು, "ಅಂಕಲ್, ದುಡ್ಡನ್ನು ರೂಪಾಯಿಯಲ್ಲಿ ಇಡಲೇಬೇಡಿ. ಎಲ್ಲವನ್ನೂ ಪೈಸೆ ಮಾಡಿ, ಪೂರ್ಣಾಂಕವಾಗಿ ಇಡಿ. ಚುಕ್ಕೆಯ ಕಾಟವೇ ಇರಲ್ಲ" ಅಂದರು. ಇಷ್ಟು ಸುಲಭವೇ! ಮನೆಗೆ ಬಂದು ಎಲ್ಲ ಮೊತ್ತವನ್ನೂ ನೂರರಿಂದ ಗುಣಿಸಿ, ಹಳೆಯ ಪ್ರೀತಿಯಿಂದ ಇಂಟ್ ಮಾಡಿದೆ. ಮೋಟಾರಿನ ಕರೆಂಟಿನ ಬಾಬ್ತು ಹಿಂದಿನ ಖಜಾಂಚಿಯ ಕಾಲದಿಂದ 4 ರೂಪಾಯಿ 35 ಪೈಸೆ ಬಾಕಿ ಇತ್ತು. ನೂರರಿಂದ ಗುಣಿಸಿದರೆ 435 ಪೈಸೆ. ತೆರೆಯ ಮೇಲೆ ಬಂದದ್ದು 434.

ಕನ್ನಡಕ ಒರೆಸಿಕೊಂಡು ನೋಡಿದೆ. 434. ಇಂಟ್ ತೆಗೆದು ಬರೀ ಗುಣಿಸಿದೆ. 434.99999999999994 ಎಂದು ಬಂತು. ಮೂರನೇ ತರಗತಿಯ ಹುಡುಗ ಸ್ಲೇಟಿನ ಮೇಲೆ ಮಾಡುವ ಗುಣಾಕಾರವನ್ನು ಹದಿಮೂರು ಸಾವಿರದ ಯಂತ್ರ ತಪ್ಪು ಮಾಡಿತ್ತು. ಇಂಟ್ ಬಂದು ಆ ಬಾಲವನ್ನೆಲ್ಲ ಒಂದೇ ಗುಟುಕಿಗೆ ನುಂಗಿತ್ತು. ಒಂದು ಪೈಸೆ ಮಾಯ. ಹಾವಿನ ಹೆಸರಲ್ಲ ಅಂದಿದ್ದರು ಮೇಡಂ. ನುಂಗುವ ರೀತಿ ನೋಡಿದರೆ ನನಗೆ ನಂಬಿಕೆ ಬರಲಿಲ್ಲ.

ನಾಲ್ಕಾಣೆ ಮತ್ತು ಅದಕ್ಕಿಂತ ಸಣ್ಣ ನಾಣ್ಯಗಳನ್ನು ಸರ್ಕಾರ 2011ರ ಜೂನ್ 30ಕ್ಕೇ ಚಲಾವಣೆಯಿಂದ ತೆಗೆದಿದೆ. ಹದಿಮೂರು ವರ್ಷದಿಂದ ಚಲಾವಣೆಯಲ್ಲಿಲ್ಲದ ನಾಣ್ಯವನ್ನು ರಾತ್ರಿ ಹನ್ನೊಂದು ಗಂಟೆಗೆ ಕಳೆದುಕೊಂಡು ಹುಡುಕುತ್ತಿದ್ದವನು ಬೆಂಗಳೂರಿನಲ್ಲಿ ನಾನೊಬ್ಬನೇ ಇದ್ದಿರಬೇಕು.

ದೀಪ ಉರಿಯುವುದು ನೋಡಿ ಅಮ್ಮ ಎದ್ದು ಬಂದಳು. ಎಂಬತ್ತೊಂದು ವರ್ಷ, ಹುಟ್ಟಿ ಬೆಳೆದದ್ದು ಹಲಸೂರು. "ಏನೋ ಹುಡುಕ್ತಿದೀಯ?"

"ಒಂದು ಪೈಸೆ ಅಮ್ಮ."

ಅವಳಿಗೆ ಆಶ್ಚರ್ಯವಾಗಲಿಲ್ಲ. ಪಕ್ಕದಲ್ಲಿ ಕೂತು, ಯಂತ್ರಕ್ಕೆ ಯಾಕೆ ಲೆಕ್ಕ ಬರಲ್ಲ ಅಂತ ಕೇಳಿದಳು. ಮೇಡಂ ಹೇಳಿಕೊಟ್ಟದ್ದನ್ನು ನನಗೆ ಅರ್ಥವಾದಷ್ಟು ಹೇಳಿದೆ. ಕಂಪ್ಯೂಟರು ಒಂದನ್ನು ಅರ್ಧ ಮಾಡುತ್ತದೆ, ಅರ್ಧವನ್ನು ಮತ್ತೆ ಅರ್ಧ ಮಾಡುತ್ತದೆ, ಹಾಗೇ ಒಡೆಯುತ್ತಾ ಹೋಗುತ್ತದೆ. ಅದರ ಹತ್ತಿರ ಇರುವುದು ಆ ತುಂಡುಗಳು ಮಾತ್ರ. ನೂರರಲ್ಲಿ ಒಂದು ಭಾಗ ಆ ತುಂಡುಗಳಿಂದ ಎಷ್ಟು ಕೂಡಿಸಿದರೂ ಸರಿಯಾಗಿ ಬರುವುದಿಲ್ಲ. ನಾವು ಮೂರನೇ ಒಂದನ್ನು 0.333 ಎಂದು ಎಷ್ಟು ಬರೆದರೂ ಮುಗಿಯದ ಹಾಗೆ. ಅದಕ್ಕೇ 4.35 ಎಂದು ಕೊಟ್ಟರೆ ಅದು ಒಳಗೆ ಕೂದಲೆಳೆಯಷ್ಟು ಕಡಿಮೆ ಇಟ್ಟುಕೊಳ್ಳುತ್ತದೆ.

"ಅರ್ಧ, ಅರ್ಧದ ಅರ್ಧ..." ಅಮ್ಮ ಬೆರಳು ಮಡಿಸಿದಳು. "ಅರೆ, ಕಾಲು, ಅರೆಕಾಲು, ವೀಸ. ನಮ್ಮ ಮೇಷ್ಟ್ರು ಕಲಿಸಿದ್ದೂ ಇದೇ ಅಲ್ವೇನೋ? ಹದಿನಾರಾಣೆಗೆ ಒಂದು ರೂಪಾಯಿ. ಆಣೆ ಅಂದ್ರೆ ವೀಸ. ನಿನ್ನ ಯಂತ್ರಕ್ಕೆ ಆಣೆ ಲೆಕ್ಕ ಕೊಟ್ಟು ನೋಡು."

ಕೊಟ್ಟೆ. ಒಂದಾಣೆ ಅಂದರೆ ರೂಪಾಯಿಯ ಹದಿನಾರನೇ ಒಂದು, 0.0625. ಹದಿನಾರರಿಂದ ಗುಣಿಸಿದೆ, 1. ಮೂರಾಣೆ, ಏಳಾಣೆ, ಹದಿಮೂರೂವರೆ ಆಣೆ, ಅರುವತ್ತನಾಲ್ಕನೇ ಒಂದಾದ ಹಳೆಯ ಕಾಲಾಣೆ. ಒಂದಕ್ಕೂ ಬಾಲವಿಲ್ಲ. ಬೆವರು ಬಂತು. ಇಂದಿರಾನಗರದಲ್ಲಿ ಫೀಸು ಕಟ್ಟಿ ಕಲಿತದ್ದು ತಿಳಿಯದ ಯಂತ್ರಕ್ಕೆ ಹಲಸೂರಿನ ಪ್ರೈಮರಿ ಶಾಲೆಯ ಮಗ್ಗಿ ಬಾಯಿಪಾಠ ಬರುತ್ತಿತ್ತು. 1957ರ ಏಪ್ರಿಲ್ 1ರಂದು ರೂಪಾಯಿಯನ್ನು ನೂರು ಚೂರು ಮಾಡಿದರಲ್ಲ, ಯಂತ್ರಕ್ಕೂ ನಮಗೂ ಜಗಳ ಹತ್ತಿದ್ದು ಅಲ್ಲಿಂದ.

"ಆಗ ಬಂತು ನೋಡು ನಯಾ ಪೈಸೆ," ಅಂದಳು ಅಮ್ಮ. "ಒಂದಾಣೆಗೆ ಆರೂಕಾಲು ಬರಬೇಕು, ಕಾಲು ಎಲ್ಲಿಂದ ತರ್ತಾರೆ? ಆರು ಅಂದ್ರು. ಎರಡಾಣೆಗೆ ಹನ್ನೆರಡು. ಮೂರಾಣೆಗೆ ಹತ್ತೊಂಬತ್ತು. ನಾಲ್ಕಾಣೆಗೆ ಇಪ್ಪತ್ತೈದು. ನಮ್ಮಜ್ಜಿ ಒಂದು ದಿನ ಗೋಡೆಗೆ ಒರಗಿ ಕೂತು ಲೆಕ್ಕ ಹಾಕಿದಳು. ಅವತ್ತಿಂದ ನಾಲ್ಕಾಣೆ ಸೊಪ್ಪು ತರೋಕೆ ನನ್ನನ್ನ ಬಜಾರ್ ಬೀದಿಗೆ ನಾಲ್ಕು ಸಲ ಓಡಿಸೋಳು. ಒಂದೊಂದಾಣೆ ಸೊಪ್ಪು, ಒಂದೊಂದು ಸಲ. ಆರು ನಾಕಲ ಇಪ್ಪತ್ತನಾಲ್ಕು. ಒಂದು ನಯಾ ಪೈಸೆ ಉಳೀತು ಅಂತ ಬೀಗೋಳು. ಮೂರನೇ ದಿನ ಸೊಪ್ಪಿನವಳು ಕಟ್ಟು ಸಣ್ಣ ಮಾಡಿದಳು."

ನಾನು ಮಾತಾಡಲಿಲ್ಲ. ನನ್ನ ಜನವರಿಯ ಹತ್ತು ರೂಪಾಯಿಯೂ ಫೆಬ್ರುವರಿಯ ಅರುವತ್ತೂ ಎಲ್ಲಿ ಹೋದವು, ಎಲ್ಲಿಂದ ಬಂದವು ಎಂದು ಆಗ ತಿಳಿಯಿತು. ಅಜ್ಜಿ ಮೊದಲು ಕತ್ತರಿಸಿ ಆಮೇಲೆ ನಾಲ್ಕು ಸಲ ಕೂಡಿಸಿದ್ದಳು. ನಾನು ಮೊದಲು ಕತ್ತರಿಸಿ ಆಮೇಲೆ ಎಂಬತ್ತರಿಂದ ಗುಣಿಸಿದ್ದೆ. ಅಜ್ಜಿ ಗೊತ್ತಿದ್ದೂ ಮಾಡಿದಳು, ಲಾಭ ಮಾಡಿಕೊಂಡಳು. ನಾನು ಗೊತ್ತಿಲ್ಲದೆ ಮಾಡಿ ಜೇಬಿನಿಂದ ಕೊಟ್ಟೆ. ವಂಶದ ಬುದ್ಧಿ ಒಂದೇ, ಚುರುಕು ಮಾತ್ರ ಕಡಿಮೆಯಾಗುತ್ತಾ ಬಂದಿದೆ.

ಬೆಳಿಗ್ಗೆ ಪ್ರೋಗ್ರಾಂ ತಿದ್ದಿದೆ. ಗುಣಿಸಿದ ಮೇಲೆ ಇಂಟ್ ಬದಲು ರೌಂಡ್ ಹಾಕಿದೆ, 435 ಬಂತು. ಮನೆಮನೆಯ ಎಂಟಾಣೆ ಜಗಳಕ್ಕೆ ಅಂಗಡಿಯ ಉದ್ರಿ ಪುಸ್ತಕದ ಉಪಾಯ ಹೂಡಿದೆ. ಈ ತಿಂಗಳು ಬಿಟ್ಟ ಚಿಲ್ಲರೆಯನ್ನು ಮುಂದಿನ ತಿಂಗಳಿಗೆ ಬರೆದಿಟ್ಟುಕೊಳ್ಳುವುದು, ಹೆಚ್ಚು ಪಡೆದದ್ದನ್ನು ಮುಂದಿನ ತಿಂಗಳಲ್ಲಿ ಕಳೆಯುವುದು. ಇಷ್ಟನ್ನು ಬರೆಯಲು ಮೂರು ದಿನ ಹಿಡಿಯಿತು, ತಪ್ಪು ತೆಗೆಯಲು ಒಂದು ವಾರ. ಎಲ್ಲ ಮುಗಿಸಿ, ಹೊಸ ಪಟ್ಟಿ ಹಿಡಿದು ನೋಟಿಸ್ ಬೋರ್ಡಿನ ಹತ್ತಿರ ಬಂದರೆ ನಮ್ಮ ಬ್ರಹ್ಮಚಾರಿ ಹುಡುಗ ಲಿಫ್ಟಿಗೆ ಕಾಯುತ್ತಿದ್ದ, ಕೊರಳಲ್ಲಿ ಟ್ಯಾಗು.

"ಅಂಕಲ್, ಒಂದು ಡೌಟು," ಅಂದ. "ಈ ರೌಂಡಿಂಗ್ ಎಲ್ಲ ಯಾಕೆ?"

"ಮತ್ತೆ? ಎಂಟಾಣೆ ಯಾರಪ್ಪ ಕೊಡ್ತಾರೆ, ಯಾರು ಚಿಲ್ಲರೆ ಕೊಡ್ತಾರೆ?"

"ಇಪ್ಪತ್ತು ಮನೆಯವರೂ ಫೋನಲ್ಲೇ ಅಲ್ವಾ ಕಳಿಸೋದು? ನೂರಾಮೂವತ್ತೇಳು ಪಾಯಿಂಟ್ ಐದು ಸೊನ್ನೆ ಅಂತ ಒತ್ತಿದ್ರೆ ಹೋಗುತ್ತೆ. ನಾನು ಅವತ್ತೇ ಕಳಿಸಿದ್ದೆ, ನೀವು ಐವತ್ತು ಪೈಸೆ ಬಾಕಿ ಅಂತ ಬೋರ್ಡಲ್ಲಿ ಹಾಕಿದೀರ."

ಲಿಫ್ಟು ಬಂತು, ಅವನು ಹೋದ. ನಾನು ಬೋರ್ಡಿನ ಮುಂದೆ ನಿಂತೆ. ಪಟ್ಟಿಯ ಪಕ್ಕದಲ್ಲೇ, ಕಣ್ಣಿನ ಎತ್ತರಕ್ಕೆ, ಕ್ಯೂಆರ್ ಕೋಡು ಅಂಟಿಸಿತ್ತು. ಅಂಟಿಸಿದವನು ನಾನೇ, ಡಿಸೆಂಬರಿನಲ್ಲಿ, ಖಜಾಂಚಿಯಾದ ಮಾರನೆಯ ದಿನ. ಇಷ್ಟು ದಿನ ದಶಮಾಂಶವನ್ನು ಪೂರ್ಣಾಂಕ ಮಾಡು ಎಂದು ನನಗೆ ಯಾರೂ ಹೇಳಿರಲೇ ಇಲ್ಲ.

ಮೇ ತಿಂಗಳಿಂದ ಲೆಕ್ಕ ಪೈಸೆಯವರೆಗೂ ಹಾಗೇ ಹೋಗುತ್ತಿದೆ. ಜಗಳವಿಲ್ಲ. ಆಡಿಟರ್ ಸಾಹೇಬರು ಒಮ್ಮೆ ಹಳೆಯ ಪುಟ ತಿರುವುತ್ತಾ, ಕರೆಂಟು ಬಾಕಿಯಲ್ಲಿ 434 ಎಂದು ಮೊದಲ ಸಲ ಅಚ್ಚಾದ ಹಾಳೆ ಕಂಡು, "ಒಂದು ಪೈಸೆ ತಾಳೆಯಾಗ್ತಿಲ್ಲವಲ್ಲ" ಅಂದರು. ಅದನ್ನು ಊಟದ ಹೊತ್ತಿಗೆ ಅಮ್ಮನಿಗೆ ಹೇಳಿದೆ.

ಅವಳು ಕೈ ತೊಳೆದು, ಒಳಗೆ ಹೋಗಿ, ಕುಂಕುಮದ ಭರಣಿಯಂಥ ಸಣ್ಣ ಡಬ್ಬಿ ತಂದಳು. ಒಳಗೆ ಎರಡು ಸೇಫ್ಟಿ ಪಿನ್ನು, ಒಂದು ಮುರಿದ ಓಲೆ, ಮತ್ತೆ ಕಪ್ಪುಗಟ್ಟಿದ ಒಂದು ಪುಟ್ಟ ಕಂಚಿನ ಬಿಲ್ಲೆ. ಬೆರಳಿನಿಂದ ಉಜ್ಜಿದೆ. 1957. ರೂಪಾಯಿಯ ನೂರನೇ ಭಾಗ ಎಂದು ಹಿಂದಿಯಲ್ಲಿ ಬರೆದಿತ್ತು.

"ಅಜ್ಜಿ ಉಳಿಸಿದ್ದು," ಅಂದಳು ಅಮ್ಮ. "ಅವರಿಗೆ ಕೊಟ್ಟು ರಸೀದಿ ಇಸ್ಕೊಂಡು ಬಾ."